ತಾತನ ರೈಲು ತಾತನ ಕೈಯಲ್ಲೇ



ಕಳೆದ ಕ್ರಿಸ್ಮಸ್‌ನಲ್ಲಿ ನಮ್ಮ ಗೋದಲಿಯ ಮುಂದೆ ಎರಡು ಪುಟ್ಟ ರೈಲು ಓಡಿದ್ದನ್ನು ನೋಡಿದ ಅನೇಕರು ಇವತ್ತಿಗೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಆ ರಿಮೋಟ್ ರೈಲು ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?" ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಅದು ರಿಮೋಟ್ ರೈಲು ಅಲ್ಲ. ಸುಮಾರು 30 ವರ್ಷದ ಹಿಂದಿನ, ಹಳಿಯಿಂದ ಕರೆಂಟು ತೆಗೆದುಕೊಂಡು ಓಡುವ ಸಾಧಾರಣ ಮಾಡೆಲ್ ರೈಲು. ಅದರ ಎಂಜಿನ್ನಿನ ಒಂದು ಸ್ಕ್ರೂ ಕೂಡ ನಾವು ಬಿಚ್ಚಿಲ್ಲ. ರಿಮೋಟ್ ಇದ್ದದ್ದು ಹಳಿಗೆ. ಯಾಕೆ ಹಾಗೆ ಮಾಡಿದೆವು ಎನ್ನುವುದಕ್ಕೆ ಹಿಂದೆ ಒಬ್ಬ ತಾತ ಇದ್ದಾರೆ.

ರೈಲ್ ತಾತ

ನಮ್ಮ ಮಕ್ಕಳೆಲ್ಲ ಅವರನ್ನು ರೈಲ್ ತಾತ ಎಂದೇ ಕರೆಯುವುದು. ನಾನೂ ಹಾಗೇ ಕರೆಯುತ್ತೇನೆ. ನೀಲಗಿರಿ ಬೆಟ್ಟದ ರೈಲಿನಲ್ಲಿ ಬ್ರೇಕ್ಸ್‌ಮನ್ ಆಗಿ ದುಡಿದು ನಿವೃತ್ತರಾದವರು. ಈಗ ಮಗ ಸೊಸೆಯ ಜೊತೆ ಅವಲಾಂಚ್ ಕಡೆಯ ಮನೆಯಲ್ಲಿದ್ದಾರೆ.

ಬ್ರೇಕ್ಸ್‌ಮನ್ ಕೆಲಸ ಏನೆಂದು ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಮೆಟ್ಟುಪಾಳ್ಯದಿಂದ ಊಟಿಗೆ ಬರುವ ನಮ್ಮ ರೈಲಿನ ದಾರಿ 46 ಕಿಲೋಮೀಟರ್. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ರೈಲು ಬಂತು. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಬಹಳ ಕಡಿದು. ಕೆಲವು ಕಡೆ ಸುಮಾರು 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ ಹತ್ತಬೇಕು. ಅದಕ್ಕೇ ಎರಡು ಹಳಿಯ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಹತ್ತುತ್ತದೆ. ಹತ್ತುವಾಗ ಎಂಜಿನ್ ಬೋಗಿಗಳ ಮುಂದೆ ಇರುವುದಿಲ್ಲ, ಹಿಂದೆ ನಿಂತು ತಳ್ಳುತ್ತದೆ. ಡ್ರೈವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಮೊದಲ ಬೋಗಿಯ ತುದಿಯಲ್ಲಿ ನಿಂತ ಬ್ರೇಕ್ಸ್‌ಮನ್ ದಾರಿ ನೋಡಿ ಹಸಿರೋ ಕೆಂಪೋ ಬಾವುಟ ತೋರಿಸಬೇಕು. ಉಳಿದ ಬೋಗಿಗಳಲ್ಲೂ ಬ್ರೇಕ್ಸ್‌ಮನ್ ನಿಂತಿರುತ್ತಾರೆ. ಸನ್ನೆ ಸಿಕ್ಕಾಗ ತಮ್ಮ ತಮ್ಮ ಬೋಗಿಯ ಬ್ರೇಕ್ ಹಾಕುವುದು ಅವರ ಕೆಲಸ.

ತಾತ ತಮಾಷೆಗೆ ಹೇಳುತ್ತಿದ್ದರು: "ಎಂಜಿನ್ ಮುಟ್ಟದೇನೇ ಅಷ್ಟು ವರ್ಷ ರೈಲು ಓಡಿಸಿದೋನು ಕಣೋ ನಾನು."

ಅವರ ಮಗ ಹೊರದೇಶದಲ್ಲಿ ಕೆಲಸದಲ್ಲಿದ್ದಾಗ ರಜೆಗೆ ಬರುವಾಗೆಲ್ಲ ಅಪ್ಪನಿಗೆಂದು ಮಾಡೆಲ್ ರೈಲಿನ ಡಬ್ಬಿ ತಂದಿದ್ದರು. ಎರಡು ಎಂಜಿನ್, ಒಂದು ಕಪ್ಪು ಉಗಿಬಂಡಿ, ಇನ್ನೊಂದು ಹಸಿರು ಡೀಸೆಲ್. ಏಳೆಂಟು ಬೋಗಿ, ಒಂದು ಗೋಣಿಚೀಲದ ತುಂಬ ಹಳಿ. ಎಚ್‌ಒ ಎನ್ನುವ ಅಳತೆ ಅವುಗಳದ್ದು. ನಿಜವಾದ ರೈಲನ್ನು 87 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಎರಡು ಹಳಿಯ ನಡುವೆ 16.5 ಮಿಲಿಮೀಟರ್ ಅಂತರ. ನಮ್ಮ ಊರಿನ ಮಳೆ ನಿಮಗೆ ಗೊತ್ತೇ ಇದೆ. 2019ರ ಆಗಸ್ಟ್‌ನಲ್ಲಿ ಅವಲಾಂಚ್‌ನಲ್ಲಿ ಒಂದೇ ದಿನ 900 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ನಮ್ಮ ಹೆಸರು ಬಂತು. ಅಂಥ ಮಳೆಗಾಲದಲ್ಲಿ ಅಕ್ಕಪಕ್ಕದ ಮಕ್ಕಳಿಗೆ ತಾತನ ಮನೆಯ ನೆಲದ ಮೇಲಿನ ರೈಲೇ ಜಾತ್ರೆ.

ಎರಡು ವರ್ಷದ ಹಿಂದೆ ತಾತನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು. ಬಲಗೈ, ಬಲಗಾಲು ಸೋತವು. ರೈಲು ಡಬ್ಬಿಯೊಳಗೆ ಹೋಯಿತು, ಡಬ್ಬಿ ಮಂಚದ ಕೆಳಗೆ ಹೋಯಿತು.

"ನೋಡೋಕೆ ಬರಲ್ಲ"

ಕಳೆದ ವರ್ಷ ಅಕ್ಟೋಬರಿನ ಯುವಜನರ ಮೀಟಿಂಗಿನಲ್ಲಿ ಗೋದಲಿಯ ವಿಷಯ ಬಂತು. ಈ ಸಲ ನಮ್ಮ ಬೆಟ್ಟದ ಹಾಗೆ ಕಾಣುವ ಗೋದಲಿ ಮಾಡೋಣ, ಟೀ ತೋಟ, ಕೆರೆ, ಅದರ ಪಕ್ಕ ರೈಲು ಎಂದು ಎಲ್ಲರೂ ಒಪ್ಪಿದರು. ರೈಲು ಯಾರ ಮನೆಯಲ್ಲಿದೆ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ನಾವು ಮೂವರು ತಾತನ ಮನೆಗೆ ಹೋಗಿ ಕೇಳಿದೆವು.

ತಾತ ಒಂದು ಕ್ಷಣವೂ ಯೋಚಿಸಲಿಲ್ಲ. "ತಗೊಂಡ್ಹೋಗ್ರಪ್ಪ, ಎಲ್ಲಾ ತಗೊಂಡ್ಹೋಗಿ. ಆದ್ರೆ ನನ್ನನ್ನ ಕರೀಬೇಡಿ. ನೀವು ಓಡಿಸೋದನ್ನ ಕೂತ್ಕೊಂಡು ನೋಡೋಕೆ ನಾನು ಬರಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, ನಾವು ಅಕ್ಕ ಎನ್ನುವವರು, ನಮ್ಮನ್ನು ಕಳಿಸಿಕೊಡಲು ಹೊರಗೆ ಬಂದಾಗ ಮೆಲ್ಲಗೆ ಹೇಳಿದರು: "ಮನೆ ಬಿಟ್ಟು ಹೊರಗೆ ಬಂದು ಎರಡು ವರ್ಷ ಆಯ್ತು ಕಣಪ್ಪಾ. ಫಾದರ್ ಮನೆಗೇ ಬಂದು ಪರಮಪ್ರಸಾದ ಕೊಡ್ತಾರೆ. ಕುರ್ಚಿ ಇದೆ, ತಳ್ಳೋಕೆ ಮಗ ಇದಾನೆ. ಆದ್ರೂ ಬರಲ್ಲ. ಬೇರೆಯವರು ಎತ್ತಿಕೊಂಡು ಹೋಗೋ ಸಾಮಾನಾಗಿಬಿಟ್ಟೆ ನಾನು ಅಂತಾರೆ."

ದಾರಿಯಲ್ಲಿ ನಾವು ಮೂವರೂ ಹೆಚ್ಚು ಮಾತಾಡಲಿಲ್ಲ. ರೈಲು ತರುವುದು ಸುಲಭ. ತಾತನನ್ನು ತರಬೇಕಾದರೆ ರೈಲು ಓಡಿಸುವ ಕೆಲಸವನ್ನು ಅವರಿಗೇ ಕೊಡಬೇಕು. ಎದ್ದು ನಿಲ್ಲಲಾಗದ, ಎಡಗೈ ಮಾತ್ರ ಆಡುವ ಮನುಷ್ಯ ಟೇಬಲ್ಲಿನ ಪಕ್ಕ ಬಾಗಿ ಕಂಟ್ರೋಲರ್ ತಿರುಗಿಸುವುದು ಆಗದ ಮಾತು. ಕಂಟ್ರೋಲರೇ ಅವರ ಹತ್ತಿರ ಬರಬೇಕು.

ಹಳೇ ರೈಲು ಓಡುವುದು ಹೇಗೆ

ನಾನು ಬಿಎಸ್ಸಿ ಓದಿದವನು. ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದಕ್ಕೆ ಇಷ್ಟು ಒಳ್ಳೆಯ ಉಪಯೋಗ ಬೇರೆ ಸಿಕ್ಕಿರಲಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮನೆಯಲ್ಲಿ ಹಳೇ ರೈಲಿರುವವರಿಗೆ ಬೇಕಾಗುತ್ತದೆ.

ಸಾಧಾರಣ ಮಾಡೆಲ್ ರೈಲಿನ ಲೆಕ್ಕ ಬಹಳ ಸರಳ. ಒಂದು ಹಳಿ ಪ್ಲಸ್, ಇನ್ನೊಂದು ಹಳಿ ಮೈನಸ್. ಎಂಜಿನ್ನಿನ ಚಕ್ರಗಳು ಹಳಿಯಿಂದ ಕರೆಂಟು ತೆಗೆದು ಒಳಗಿನ ಸಣ್ಣ ಡಿಸಿ ಮೋಟರಿಗೆ ಕೊಡುತ್ತವೆ. ಹೆಚ್ಚೆಂದರೆ 12 ವೋಲ್ಟ್. ವೋಲ್ಟ್ ಹೆಚ್ಚಿಸಿದರೆ ಜೋರು, ಇಳಿಸಿದರೆ ನಿಧಾನ. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ರೈಲು ಹಿಂದಕ್ಕೆ. ಅಷ್ಟೇ.

ಈ ಸರಳತೆಯಲ್ಲೇ ಒಂದು ತೊಡಕಿದೆ. ಎಂಜಿನ್ನಿಗೆ ತನ್ನ ಹೆಸರು ತನಗೆ ಗೊತ್ತಿಲ್ಲ. ಹಳಿಯಲ್ಲಿ ಕರೆಂಟು ಬಂದರೆ ಆ ಹಳಿಯ ಮೇಲೆ ನಿಂತ ಎಲ್ಲ ಎಂಜಿನ್ನೂ ಹೊರಡುತ್ತವೆ, ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತವೆ. ಒಂದೇ ಸುತ್ತಿನಲ್ಲಿ ಎರಡು ರೈಲಿಟ್ಟು ಒಂದನ್ನು ನಿಧಾನ, ಇನ್ನೊಂದನ್ನು ಜೋರು ಓಡಿಸಲು ಬರುವುದಿಲ್ಲ.

ಇದಕ್ಕೆ ಈಗಿನವರ ಉತ್ತರ ಡಿಸಿಸಿ, ಅಂದರೆ ಡಿಜಿಟಲ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು 1990ರ ದಶಕದಲ್ಲಿ ಅಮೆರಿಕದ ಮಾಡೆಲ್ ರೈಲು ಸಂಘದವರು ಅದಕ್ಕೊಂದು ಮಾನದಂಡ ಮಾಡಿದರು. ಅದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟ್ ಇರುತ್ತದೆ. ಆ ಕರೆಂಟಿನ ಜೊತೆಯಲ್ಲೇ "3ನೇ ನಂಬರಿನ ಎಂಜಿನ್, ನಿಧಾನವಾಗಿ ಮುಂದೆ ಹೋಗು" ಎಂಬಂಥ ಆಜ್ಞೆಗಳು ಹೋಗುತ್ತವೆ. ಪ್ರತಿ ಎಂಜಿನ್ನಿನ ಒಳಗೂ ಡಿಕೋಡರ್ ಎಂಬ ಸಣ್ಣ ಬೋರ್ಡ್ ಕೂತು ತನ್ನ ಹೆಸರು ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಮೊಬೈಲ್ ಆಪಿನಿಂದಲೂ ಓಡಿಸಬಹುದು. ನಮ್ಮ ಗುಂಪಿನ ಎಂಜಿನಿಯರಿಂಗ್ ಓದುವ ತಮ್ಮ ಇದನ್ನೇ ಮಾಡೋಣ ಎಂದ. ಅವನು ಹೇಳಿದ್ದರಲ್ಲಿ ಅರ್ಥವಿತ್ತು.

ಆದರೆ ಅದಕ್ಕೆ ಎಂಜಿನ್ ಬಿಚ್ಚಬೇಕು. ಹಳೇ ಎಂಜಿನ್ನುಗಳಲ್ಲಿ ಮೋಟರಿನ ಒಂದು ತುದಿ ನೇರ ಲೋಹದ ಚೌಕಟ್ಟಿಗೇ ತಗುಲಿರುವುದುಂಟು. ಅದನ್ನು ಬೇರ್ಪಡಿಸಿ, ವೈರ್ ಕತ್ತರಿಸಿ, ಬೆಸುಗೆ ಹಾಕಿ, ಜಾಗ ಸಾಲದಿದ್ದರೆ ಒಳಗಿನ ತೂಕವನ್ನೂ ಅರದಿಂದ ಉಜ್ಜಬೇಕು. ಡಿಕೋಡರ್ ಇಲ್ಲದ ಎಂಜಿನ್ನನ್ನು ಆ ಹಳಿಯ ಮೇಲೆ ಹಾಗೇ ಇಟ್ಟರೆ ಮೋಟರ್ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ತಾತನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಓಡೋ ಎಂಜಿನ್ ಹೊಟ್ಟೆ ಯಾಕ್ರೋ ಕೊಯ್ತೀರಾ?"

ನಮಗೂ ಯಾಕೆ ಎಂದು ಅನ್ನಿಸಿತು. ಎಂಜಿನ್ ಕೆಟ್ಟಿಲ್ಲ. ಬದಲಾಗಬೇಕಾದದ್ದು ಹಳಿಗೆ ಬರುವ ಕರೆಂಟನ್ನು ಯಾರು, ಎಲ್ಲಿ ಕೂತು ಹಿಡಿಯುತ್ತಾರೆ ಎನ್ನುವುದು ಮಾತ್ರ.

ಎರಡು ಸುತ್ತು ಯಾಕೆ

ತಾತನಿಗೆ ಹತ್ತು ವರ್ಷದ ಮೊಮ್ಮಗನಿದ್ದಾನೆ. ತಾತ ರೈಲು ಓಡಿಸಿದರೆ ಕಲ್ಲಾರ್ ಘಾಟಿ ಹತ್ತುವ ಹಾಗೆ ಓಡಿಸುತ್ತಾರೆ, ನೋಡುವವರಿಗೆ ನಿದ್ದೆ ಬರಬೇಕು. ಮೊಮ್ಮಗನಿಗೆ ಬೇಕಾದದ್ದು ವಂದೇ ಭಾರತ್. ಮೊದಲಿನಿಂದಲೂ ಮನೆಯಲ್ಲಿ ಇದೇ ಜಗಳ. ಕಂಟ್ರೋಲರ್ ಒಂದೇ, ಸುತ್ತು ಒಂದೇ. ಒಬ್ಬರ ಆಸೆ ನಡೆಯಬೇಕಾದರೆ ಇನ್ನೊಬ್ಬರು ಕೈಕಟ್ಟಿ ಕೂರಬೇಕು. ಹೆಚ್ಚಿನ ಸಲ ಸೋಲುತ್ತಿದ್ದದ್ದು ತಾತನೇ.

ಹಾಗಾಗಿ ಎರಡು ಸುತ್ತು. ಹೊರಸುತ್ತು ತಾತನದು, ಒಳಸುತ್ತು ಮೊಮ್ಮಗನದು. ಎರಡಕ್ಕೂ ಬೇರೆ ಬೇರೆ ಕರೆಂಟು, ಬೇರೆ ಬೇರೆ ರಿಮೋಟ್. ಸಭಾಂಗಣದ ಮೂಲೆಯಲ್ಲಿ ಬಿದ್ದಿದ್ದ ಹಳೇ ಟೇಬಲ್ ಟೆನಿಸ್ ಟೇಬಲ್ ಒಂಬತ್ತು ಅಡಿ ಉದ್ದ, ಐದು ಅಡಿ ಅಗಲ. ಎರಡು ಸುತ್ತು ಆರಾಮಾಗಿ ಕೂತಿತು.

ನಾವು ಮಾಡಿದ ವ್ಯವಸ್ಥೆ ಹೀಗಿತ್ತು. ಟೇಬಲ್ಲಿನ ಕೆಳಗೆ 12 ವೋಲ್ಟಿನ ಡಿಸಿ ಪವರ್ ಸಪ್ಲೈ. ಅದರಿಂದ ಎಲ್ 298 ಎನ್ ಎಂಬ ಮೋಟರ್ ಡ್ರೈವರ್ ಬೋರ್ಡಿಗೆ ಕರೆಂಟು. ಆ ಬೋರ್ಡಿನಲ್ಲಿ ಎರಡು ಚಾನಲ್ ಇವೆ, ಅಂದರೆ ಒಂದೇ ಬೋರ್ಡಿನಿಂದ ಎರಡು ಸುತ್ತನ್ನು ಬೇರೆ ಬೇರೆಯಾಗಿ ನಡೆಸಬಹುದು. ಪ್ರತಿ ಚಾನಲ್ ಪ್ಲಸ್ ಮೈನಸ್ ಅದಲು ಬದಲು ಮಾಡಬಲ್ಲದು. ವೇಗಕ್ಕೆ ಅದು ವೋಲ್ಟನ್ನು ನಿಜವಾಗಿ ಇಳಿಸುವುದಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಚ್ಚಿ ಆರಿಸುತ್ತದೆ. ಹಚ್ಚಿದ ಹೊತ್ತು ಹೆಚ್ಚಾದರೆ ರೈಲು ಜೋರು, ಆರಿಸಿದ ಹೊತ್ತು ಹೆಚ್ಚಾದರೆ ನಿಧಾನ. ಈ ಬೋರ್ಡ್ ತಾನೇ ಸುಮಾರು 2 ವೋಲ್ಟ್ ನುಂಗಿಬಿಡುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಬೈಯುತ್ತಾರೆ. ನಮಗೆ ಅದೇ ಅನುಕೂಲವಾಯಿತು, ಮೊಮ್ಮಗ ಪೂರ್ತಿ ತಿರುಗಿಸಿದರೂ ರೈಲು ಹಾರಿ ಕೆಳಗೆ ಬೀಳಲಿಲ್ಲ.

ಮೋಟರ್ ಡ್ರೈವರಿಗೆ ಹೇಳುವವನು ಇಎಸ್‌ಪಿ 32 ಎಂಬ ಬೆರಳುದ್ದದ ಬೋರ್ಡ್. ರಿಮೋಟುಗಳ ಒಳಗೂ ಅದೇ ಜಾತಿಯ ಒಂದೊಂದು ಬೋರ್ಡ್. ಇವು ವೈಫೈ ರೂಟರಿನ ಸಹಾಯವಿಲ್ಲದೆ ತಮ್ಮತಮ್ಮಲ್ಲೇ ನೇರವಾಗಿ ಮಾತಾಡಬಲ್ಲವು. ಸಿಗ್ನಲ್ ಸರಿಯಾಗಿ ಸಿಗದ ನಮ್ಮ ಊರಿಗೆ ಇದು ಬಹಳ ಮುಖ್ಯ. ಬೋರ್ಡುಗಳು, ಪವರ್ ಸಪ್ಲೈ, ಗುಂಡಿಗಳು, ವೈರ್ ಎಲ್ಲ ಸೇರಿ 2500 ರೂಪಾಯಿಯೊಳಗೆ ಮುಗಿಯಿತು.

ಇಂಥದ್ದು ಮಾಡುವವರಿಗೆ ಎರಡು ಎಚ್ಚರಿಕೆ. ಒಂದು, ಪ್ರತಿ ಸುತ್ತಿಗೂ ಬೇರೆ ಫ್ಯೂಸ್ ಹಾಕಿ. ರೈಲು ಹಳಿ ತಪ್ಪಿದರೆ ಲೋಹದ ಚಕ್ರ ಎರಡು ಹಳಿಗೂ ತಾಗಿ ಶಾರ್ಟ್ ಆಗುತ್ತದೆ. ತಾನಾಗಿಯೇ ಮತ್ತೆ ಸರಿಹೋಗುವ 1 ಆಂಪಿಯರಿನ ಫ್ಯೂಸ್ ಸಿಗುತ್ತದೆ. ಅದಿದ್ದರೆ ಮೊಮ್ಮಗನ ರೈಲು ಬಿದ್ದರೂ ತಾತನ ರೈಲು ತನ್ನ ಪಾಡಿಗೆ ಓಡುತ್ತಿರುತ್ತದೆ. ಎರಡು, ಸುತ್ತಿನಿಂದ ಸುತ್ತಿಗೆ ರೈಲು ದಾಟಿಸುವ ಜೋಡಣೆ ಇದ್ದರೆ ಅಲ್ಲಿ ಎರಡೂ ಹಳಿಗಳನ್ನು ಪ್ಲಾಸ್ಟಿಕ್ ಜೋಡಣೆಯಿಂದ ಬೇರ್ಪಡಿಸಿ. ಒಂದು ಹಳಿ ಬೇರ್ಪಡಿಸಿದರೆ ಸಾಕು ಎಂದು ಹಳೇ ಪುಸ್ತಕಗಳಲ್ಲಿ ಇರುತ್ತದೆ. ಎರಡು ಚಾನಲ್‌ಗೂ ಒಂದೇ ಪವರ್ ಸಪ್ಲೈ ಇದ್ದಾಗ ಅದು ನಡೆಯುವುದಿಲ್ಲ. ಒಂದು ರೈಲು ಮುಂದೆ, ಇನ್ನೊಂದು ಹಿಂದೆ ಹೊರಟ ಕೂಡಲೇ ಶಾರ್ಟ್ ಆಗುತ್ತದೆ.

ಬಾವುಟ ಕಾಣದಿದ್ದರೆ

ನಾವಿನ್ನೂ ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದಾಗಲೇ ತಾತನಿಗೆ ತೋರಿಸಲು ಹೋಗಿದ್ದೆವು. ಅವರು ಚಿತ್ರ ನೋಡಲಿಲ್ಲ. ಕೇಳಿದ್ದು ಒಂದೇ: "ಈ ಪೆಟ್ಟಿಗೆ ಸುಮ್ಮನಾದ್ರೆ ರೈಲು ಏನ್ಮಾಡುತ್ತೆ?"

ರೈಲ್ವೆಯವರಿಗೆ ಈ ಪ್ರಶ್ನೆ ರಕ್ತದಲ್ಲೇ ಇರುತ್ತದೆ. ಇರಬೇಕಾದ ಜಾಗದಲ್ಲಿ ಸಿಗ್ನಲ್ ಕಾಣದಿದ್ದರೆ, ಅಥವಾ ಕಂಡದ್ದು ಸ್ಪಷ್ಟವಿಲ್ಲದಿದ್ದರೆ, ಅದನ್ನು ಕೆಂಪು ಎಂದೇ ತಿಳಿಯಬೇಕು ಎನ್ನುವುದು ಅವರ ನಿಯಮ. "ಮಂಜಿನಲ್ಲಿ ಡ್ರೈವರ್ಗೆ ನನ್ನ ಬಾವುಟ ಕಾಣ್ಲಿಲ್ಲ ಅಂದ್ರೆ ಅವನು ನಿಲ್ಲಿಸ್ಬೇಕು. ಕಾಣಿಸ್ತಿತ್ತೇನೋ ಅಂದ್ಕೊಂಡು ಹೋಗೋ ಹಾಗಿಲ್ಲ."

ಈಗಿನ ನಿಜವಾದ ರೈಲುಗಳಲ್ಲೂ ರೇಡಿಯೊ ಬಂದಿದೆ. ಎರಡು ಮೂರು ಗೂಡ್ಸ್ ರೈಲುಗಳನ್ನು ಒಂದಕ್ಕೊಂದು ಜೋಡಿಸಿ ಓಡಿಸುವಾಗ ನಡುವಿನ ಎಂಜಿನ್ನನ್ನು ಮುಂದಿನ ಎಂಜಿನ್ನಿನ ಡ್ರೈವರೇ ರೇಡಿಯೊ ಮೂಲಕ ನಡೆಸುವ ವ್ಯವಸ್ಥೆ ಭಾರತೀಯ ರೈಲ್ವೆಯಲ್ಲಿದೆ. ದೊಡ್ಡದಿರಲಿ, ಚಿಕ್ಕದಿರಲಿ, ದೂರದಿಂದ ನಡೆಸುವ ಯಾವುದೇ ವ್ಯವಸ್ಥೆಗೂ ತಾತನ ಪ್ರಶ್ನೆ ತಪ್ಪಿದ್ದಲ್ಲ.

ಆದ್ದರಿಂದ ರಿಮೋಟ್ ಸೆಕೆಂಡಿಗೆ ಹತ್ತು ಸಲ "ನಾನಿದ್ದೇನೆ, ಇಷ್ಟು ವೇಗ" ಎಂದು ಹೇಳುತ್ತಲೇ ಇರುವ ಹಾಗೆ ಪ್ರೋಗ್ರಾಂ ಬರೆದೆವು. ಅರ್ಧ ಸೆಕೆಂಡ್ ಆ ಮಾತು ಕೇಳಿಸದಿದ್ದರೆ ಆ ಸುತ್ತಿನ ರೈಲು ನಿಲ್ಲಬೇಕು. ಬ್ಯಾಟರಿ ಮುಗಿಯಲಿ, ರಿಮೋಟ್ ಕೈಯಿಂದ ಬೀಳಲಿ, ನಿಲ್ಲಬೇಕು. ಇನ್ನೊಂದು ಸುತ್ತಿಗೆ ಅದರ ಬಿಸಿ ತಟ್ಟಬಾರದು.

ತಾತನ ರಿಮೋಟನ್ನು ಅವರ ಎಡಗೈಗೆಂದೇ ಮಾಡಿದೆವು. ಹಳೇ ರೇಡಿಯೊದ ದೊಡ್ಡ ಗುಂಡಿ, ಕುರ್ಚಿಯ ಎಡಗಡೆ ತೋಳಿಗೆ ಸ್ಕ್ರೂ ಹಾಕಿದ ಮರದ ಪೆಟ್ಟಿಗೆ. ಗುಂಡಿ ನಡುವೆ ಇದ್ದರೆ ರೈಲು ನಿಂತಿರುತ್ತದೆ, ಬಲಕ್ಕೆ ತಿರುಗಿಸಿದರೆ ಮುಂದೆ, ಎಡಕ್ಕೆ ತಿರುಗಿಸಿದರೆ ಹಿಂದೆ. ಅಂಗೈಯಿಂದ ಒತ್ತಬಹುದಾದ ಕೆಂಪು ಬಟನ್ ಒಂದು. ಪರದೆ ಇಲ್ಲ, ಆಪ್ ಇಲ್ಲ, ಪಾಸ್‌ವರ್ಡ್ ಇಲ್ಲ.

ಮೊದಲ ಸಲ ಮನೆಯಲ್ಲಿ ಹಳಿ ಹಾಕಿ ಕೈಗೆ ಕೊಟ್ಟಾಗ ತಾತ ಎರಡು ಸುತ್ತು ಓಡಿಸಿ ನಿಲ್ಲಿಸಿದರು. ಶಹಬ್ಬಾಸ್ ಎನ್ನುತ್ತಾರೆಂದು ನಾವು ಕಾದೆವು. "ಇದು ರೈಲಲ್ಲ, ಆಟೊ. ತಿರುಗಿಸಿದ ತಕ್ಷಣ ಹೊರಡುತ್ತಲ್ಲ, ಅಷ್ಟು ಭಾರದ್ದು ಹಾಗೆ ಹೊರಡುತ್ತಾ?" ಮುಂದಿನ ಒಂದು ಗಂಟೆ ನಾನು ಲ್ಯಾಪ್‌ಟಾಪ್ ಹಿಡಿದು ಕೂತೆ, ಅವರು ಹೇಳಿದ ಹಾಗೆ ಬದಲಾಯಿಸುತ್ತಾ ಹೋದೆ. ಗುಂಡಿ ಎಷ್ಟು ಬೇಗ ತಿರುಗಿಸಿದರೂ ರೈಲು ಎಂಟು ಸೆಕೆಂಡಿನಲ್ಲಿ ಮೆಲ್ಲಗೆ ವೇಗ ಹಿಡಿಯಬೇಕು. ಮುಂದೆ ಹೋಗುವಾಗ ಹಿಂದಕ್ಕೆ ತಿರುಗಿಸಿದರೆ ಮೊದಲು ಪೂರ್ತಿ ನಿಂತು, ಆಮೇಲೆ ಹಿಂದಕ್ಕೆ. ಕೆಂಪು ಬಟನ್ ಮಾತ್ರ ತಕ್ಷಣ. ಒಳಸುತ್ತಿಗೂ ಹೀಗೇ ಮಾಡಲೇ ಎಂದು ಕೇಳಿದೆ. ತಾತ ಮೊಮ್ಮಗನ ಮುಖ ನೋಡಿ, "ಬೇಡ ಬಿಡು. ಅದು ಅವನ ಲೈನು" ಎಂದರು.

ಆ ದಿನ ಹೊರಡುವಾಗ ಅವರೇ ಕೇಳಿದರು: "ಹಾಲ್‌ಗೆ ಎಷ್ಟು ಮೆಟ್ಲಿದೆ?"

ಮೂರು ಮೆಟ್ಟಿಲು

ಮೂರು ಮೆಟ್ಟಿಲು, ಒಂದೊಂದೂ ಆರು ಇಂಚು. ಒಟ್ಟು ಒಂದೂವರೆ ಅಡಿ. ಇಷ್ಟು ವರ್ಷ ನಾವೆಲ್ಲ ಹಾರಿಕೊಂಡು ಹತ್ತಿದ ಮೆಟ್ಟಿಲು, ಎಣಿಸಿದವರು ಯಾರೂ ಇರಲಿಲ್ಲ. ಕುರ್ಚಿ ಸಮೇತ ಎತ್ತುತ್ತೇವೆ ಎಂದರೆ ತಾತ ಬರುವುದಿಲ್ಲ ಎಂದು ಗೊತ್ತಿತ್ತು. ಹಲಗೆಯ ಇಳಿಜಾರು ಮಾಡಬೇಕು ಎಂದಾಯಿತು.

ಗಾಲಿಕುರ್ಚಿಗೆ ಇಳಿಜಾರು ಎಷ್ಟಿರಬೇಕು ಎಂದು ಹುಡುಕಿದಾಗ ಸಿಕ್ಕ ಅಳತೆ ನೋಡಿ ನನಗೆ ನಗು ಬಂತು. 12 ಅಡಿ ಉದ್ದಕ್ಕೆ 1 ಅಡಿ ಎತ್ತರ, ಅದಕ್ಕಿಂತ ಕಡಿದಾಗಬಾರದು. ಹೆಚ್ಚುಕಡಿಮೆ ನಮ್ಮ ಬೆಟ್ಟದ ರೈಲು ಹತ್ತುವ ಏರೇ ಅದು! ಒಂದೂವರೆ ಅಡಿಗೆ 18 ಅಡಿ ಉದ್ದ. ನಮ್ಮಲ್ಲಿ ಬಡಗಿ ಕೆಲಸ ಗೊತ್ತಿರುವ ಅಣ್ಣ ಒಬ್ಬರು ಎರಡು ಶನಿವಾರ ಕೂತು ಮಾಡಿಕೊಟ್ಟರು. ಅಂಚಿಗೆ ಪಟ್ಟಿ ಹೊಡೆದು, ಮಂಜಿನಲ್ಲಿ ಜಾರದಂತೆ ಮೇಲೆ ಹಳೇ ಕಾರ್ಪೆಟ್ ಹಾಕಿದೆವು. ತಾತನಿಗೆ ಅಳತೆ ಹೇಳಿದಾಗ, "ಹಾಗಾದ್ರೆ ಎಂಜಿನ್ ಹಿಂದೆ ಇರ್ಲಿ" ಎಂದರು. ಮಗ ಹಿಂದೆ ನಿಂತು ತಳ್ಳಬೇಕು, ಮುಂದೆ ತಾವು ಬ್ರೇಕ್ಸ್‌ಮನ್!

ಕ್ರಿಸ್ಮಸ್ ಹಿಂದಿನ ಸಂಜೆ ಅವರು ಬಂದರು. ಸ್ವೆಟರ್, ಮಫ್ಲರ್, ಅದರ ಮೇಲೆ ಹಳೇ ರೈಲ್ವೆ ಕೋಟು. ಗೋದಲಿಯ ಮುಂದೆ ಮೂರು ಗಂಟೆ ಕೂತರು. ಹೊರಸುತ್ತಿನಲ್ಲಿ ಕಪ್ಪು ಎಂಜಿನ್ ಟೀ ತೋಟದ ಪಕ್ಕ ತೆವಳುತ್ತಿತ್ತು, ಒಳಸುತ್ತಿನಲ್ಲಿ ಹಸಿರು ಡೀಸೆಲ್ ಹಾರುತ್ತಿತ್ತು. ತಾತ ಪ್ರತಿ ಸುತ್ತಿಗೂ ದನದ ಕೊಟ್ಟಿಗೆಯ ಎದುರು ನಿಲ್ಲಿಸಿ, ಮಕ್ಕಳು ಹತ್ತು ಎಣಿಸಿದ ಮೇಲೆ ಹೊರಡಿಸುತ್ತಿದ್ದರು. ಮಕ್ಕಳಿಗೆ ಅದೇ ಆಟವಾಯಿತು.

ಸುಮಾರು ಎಂಟು ಗಂಟೆಗೆ ಕರೆಂಟು ಹೋಯಿತು. ಇಡೀ ಊರಿಗೆ ಕರೆಂಟು ಕೊಡುವ ಕುಂದಾ ಯೋಜನೆಯ ಕೆರೆ ಪಕ್ಕದಲ್ಲೇ ಇದ್ದರೂ ಗಾಳಿ ಮಳೆಗೆ ನಮ್ಮ ಮನೆಗಳು ಕತ್ತಲಾಗುವುದು ಹೊಸದಲ್ಲ, ತಂತಿಯ ಮೇಲೆ ಮರ ಬಿದ್ದರೆ ಯಾರು ಏನು ಮಾಡಿಯಾರು. 12 ವೋಲ್ಟಿನ ರೈಲಿಗೆ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿ ಸಾಕು. ನಡುವೆ ಫ್ಯೂಸ್ ಹಾಕಿ ಮೊದಲೇ ಸಿದ್ಧ ಮಾಡಿಟ್ಟಿದ್ದೆವು. ಮೇಣದ ಬತ್ತಿಯ ಬೆಳಕಿನಲ್ಲಿ ರೈಲು ಮತ್ತೆ ಹೊರಟಿತು.

ಆ ಸಂಜೆ ತಾತನ ರೈಲು ಎರಡು ಸಲ ತಾನಾಗಿಯೇ ನಿಂತಿತು. ಹಾಲಿನ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲ್. ನಮ್ಮ ರಿಮೋಟ್, ವೈಫೈ, ಬ್ಲೂಟೂತ್ ಎಲ್ಲ ಒಂದೇ 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುವುದರಿಂದ ಒಮ್ಮೊಮ್ಮೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಮಕ್ಕಳು "ಅಯ್ಯೋ" ಎಂದರು. ತಾತ ಮಾತ್ರ ಗುಂಡಿಯನ್ನು ನಡುವೆ ತಂದು, ಅತ್ತಿತ್ತ ನೋಡಿ, ಮತ್ತೆ ಮೆಲ್ಲಗೆ ತಿರುಗಿಸಿದರು. "ಸರಿಯಾಗೇ ಇದೆ. ಬಾವುಟ ಕಾಣ್ಲಿಲ್ಲ, ನಿಂತಿತು. ಅಷ್ಟೇ." ಆ ಎರಡು ಸಲವೂ ಒಳಸುತ್ತಿನ ಹಸಿರು ಡೀಸೆಲ್ ತನ್ನ ಪಾಡಿಗೆ ಸುತ್ತುತ್ತಲೇ ಇತ್ತು.

ಇದರಿಂದ ತಾತನ ಕೈ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಬಲಗೈ ಇವತ್ತಿಗೂ ಹಾಗೇ ಇದೆ. ಆದರೆ ಜನವರಿಯ ಮೊದಲ ಭಾನುವಾರ ಅವರು ಪೂಜೆಗೆ ಬಂದರು, ಆಮೇಲೂ ಮಳೆಯಿಲ್ಲದ ಭಾನುವಾರಗಳಲ್ಲಿ ಬರುತ್ತಿದ್ದಾರೆ. ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚಿದೆವು, ಹಲಗೆಯನ್ನು ಬಿಚ್ಚಲಿಲ್ಲ. ಮಂಡಿ ನೋವಿನ ಇಬ್ಬರು ಅಜ್ಜಿಯರು, ಕೂಸಿನ ತಳ್ಳುಗಾಡಿ ತರುವ ಒಬ್ಬ ತಾಯಿ ಈಗ ಅದರ ಮೇಲೇ ಬರುತ್ತಾರೆ. ಅವರಲ್ಲಿ ಯಾರೂ ನಮ್ಮನ್ನು ಯಾವತ್ತೂ ಕೇಳಿರಲಿಲ್ಲ.

ನಮ್ಮ ಹಿರಿಯರಿಗೆ ನಾವು ಹೆಚ್ಚಾಗಿ ಹೇಳುವುದು "ನೀವು ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ತೀವಿ" ಎಂದು. ಪ್ರೀತಿಯಿಂದಲೇ ಹೇಳುತ್ತೇವೆ. ಇಲ್ಲವೇ "ಈ ಆಪ್ ಕಲೀರಿ" ಎಂದು ಅವರನ್ನೇ ಬಿಚ್ಚಿ ಹೊಸ ಬೋರ್ಡ್ ಹಾಕಲು ನೋಡುತ್ತೇವೆ. ಮೂರನೆಯ ದಾರಿಯೂ ಇದೆ ಎನ್ನುವುದು ನನಗೆ ಈ ಕೆಲಸದಲ್ಲಿ ಗೊತ್ತಾಯಿತು. ಅವರು ಇರುವ ಹಾಗೇ ಇರಲಿ, ಸುತ್ತಲಿನ ಹಳಿಯನ್ನು ನಾವು ಸ್ವಲ್ಪ ಬದಲಾಯಿಸೋಣ.

ನಿಮ್ಮ ಮನೆಯಲ್ಲೂ ಇದ್ದರೆ

ಮಂಚದ ಕೆಳಗೆ, ಅಟ್ಟದ ಮೇಲೆ ಹಳೇ ಮಾಡೆಲ್ ರೈಲು ಇದ್ದರೆ ಎಸೆಯಬೇಡಿ. ನಮ್ಮ ಮಂಜಿನ ಊರಿನಲ್ಲಿ ಹಳಿ ಕಪ್ಪಾಗಿರುತ್ತದೆ, ಹಿತ್ತಾಳೆ ಹಳಿಯಾದರೆ ಇನ್ನೂ ಬೇಗ. ಮರಳು ಕಾಗದದಿಂದ ಉಜ್ಜಬೇಡಿ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಬಟ್ಟೆ ಅದ್ದಿ ಹಳಿಯನ್ನೂ ಚಕ್ರವನ್ನೂ ಒರೆಸಿ. ಹತ್ತಿರದಲ್ಲಿ ದೀಪ, ಬತ್ತಿ ಇರಬಾರದು. ಆಮೇಲೆ 9 ವೋಲ್ಟಿನ ಬ್ಯಾಟರಿಯ ಎರಡು ತುದಿಯನ್ನು ಎರಡು ಹಳಿಗೆ ಮುಟ್ಟಿಸಿ ನೋಡಿ. ಎಂಜಿನ್ ಅಲುಗಾಡಿದರೆ ಅದಕ್ಕೆ ಜೀವ ಇದೆ ಎಂದೇ ಅರ್ಥ.

ಮಕ್ಕಳಿಗೆ ನಿಜವಾದ ಹಳೇ ಎಂಜಿನ್ ತೋರಿಸಬೇಕೆಂದರೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರಲ್ಲಿ ಶುರುವಾದದ್ದು. ಇಂಥ ಪುಟ್ಟ ರೈಲುಗಳದ್ದೇ ಮ್ಯೂಸಿಯಂ ನೋಡಬೇಕೆಂದರೆ ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಇದೆ. ಅಷ್ಟು ದೂರ ಬೇಡವೆಂದರೆ ನಮ್ಮ ಸಭಾಂಗಣಕ್ಕೆ ಬನ್ನಿ. ಟೇಬಲ್ ಟೆನಿಸ್ ಟೇಬಲ್ಲಿನ ಮೇಲೆ ಈಗ ಮೂರನೆಯ ಸುತ್ತಿನ ಕೆಲಸ ನಡೆಯುತ್ತಿದೆ. ಎರಡನೇ ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ತಾತ ಬರುತ್ತಾರೆ. ಬೆಸುಗೆ ಹಾಕಲು ನಾನು ಹೇಳಿಕೊಡುತ್ತೇನೆ, ಹೇಗೆ ಓಡಿಸಬೇಕೆಂದು ಅವರು ಹೇಳಿಕೊಡುತ್ತಾರೆ. ಮೂರನೆಯ ಸುತ್ತಿಗೆ ಇನ್ನೂ ಯಾರ ಹೆಸರೂ ಇಟ್ಟಿಲ್ಲ. ನಿಮ್ಮ ಮನೆಯಲ್ಲಿ ಹೊರಗೆ ಬಾರದೆ ಕೂತ ಹಿರಿಯರು ಯಾರಾದರೂ ಇದ್ದರೆ, ಅವರಿಗೆ ಯಾವ ಕೈ ಆಡುತ್ತದೆ ಎಂದು ಮೊದಲೇ ನಮಗೆ ತಿಳಿಸಿ. ಗುಂಡಿಯನ್ನು ಆ ಕಡೆಗೇ ಕೂರಿಸುತ್ತೇವೆ.